ಕಥೆ ಮೊದಲು, ಕೆಂಪು ಗೆರೆ ಆಮೇಲೆ

ಇಂಗ್ಲಿಷಿನಲ್ಲಿ ಬರೆಯುವವರ ಮಟ್ಟಿಗೆ 2009ನೇ ಇಸವಿ ವಿಚಿತ್ರವಾದದ್ದು. ಆ ವರ್ಷ ಉಕ್ರೇನಿನ ಮೂವರು ಸೇರಿ ಗ್ರಾಮರ್ಲಿ ಎಂಬ ಕಂಪನಿ ಕಟ್ಟಿದರು. ಬರೆದ ವಾಕ್ಯದಲ್ಲಿ ಕಾಗುಣಿತವೋ ವ್ಯಾಕರಣವೋ ತಪ್ಪಿದ್ದರೆ ಅದರ ಕೆಳಗೊಂದು ಗೆರೆ ಎಳೆದು, ಹೀಗೆ ಬರೆದರೆ ಸರಿ ಎಂದು ತೋರಿಸುವ ತಂತ್ರಾಂಶ ಅವರದು. ಅದೇ ವರ್ಷದ ನವೆಂಬರಿನಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಜಾಲತಾಣ ಸಾರ್ವಜನಿಕರಿಗೆ ತೆರೆದುಕೊಂಡಿತು. ಹ್ಯಾರಿ ಪಾಟರ್, ಷರ್ಲಾಕ್ ಹೋಮ್ಸ್, ಸ್ಟಾರ್ ಟ್ರೆಕ್ ಹೀಗೆ ಎಲ್ಲರಿಗೂ ಗೊತ್ತಿರುವ ಕಥೆಗಳ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ತಾವೇ ಹೊಸ ಕಥೆ ಬರೆದು ಹಾಕುವ ಜಾಗ ಅದು. ಇಂಥ ಬರವಣಿಗೆಯನ್ನು ಫ್ಯಾನ್‌ಫಿಕ್ಷನ್ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಹೆಚ್ಚು ಜನಪ್ರಿಯ ಎಂದು ಕೇಳುವುದು ಕೆಲಸವಿಲ್ಲದವರ ಕುತೂಹಲದಂತೆ ಕಂಡೀತು. ಆದರೆ ಉತ್ತರ ಹುಡುಕುತ್ತ ಹೋದರೆ, ಒಂದು ಭಾಷೆಯಲ್ಲಿ ಜನ ಯಾಕಾಗಿ ಬರೆಯುತ್ತಾರೆ, ಯಾವಾಗ ಬರೆಯಲು ಹಿಂಜರಿಯುತ್ತಾರೆ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಕನ್ನಡಕ್ಕೂ ಒಂದು ಒಳ್ಳೆಯ ತಿದ್ದುಯಂತ್ರ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಬೇಕು, ಅನುಮಾನವಿಲ್ಲ. ಆದರೆ ಜನ ಅಂಜಿಕೆಯಿಲ್ಲದೆ ರಾಶಿಗಟ್ಟಲೆ ಬರೆಯುವ ಜಾಗ ಅದಕ್ಕಿಂತ ಮೊದಲು ಬೇಕು. ತಿದ್ದುವ ಸಾಧನ ಹುಟ್ಟುವುದು ಆ ರಾಶಿಯೊಳಗಿಂದಲೇ. ಇಂಗ್ಲಿಷಿನಲ್ಲಿ ಆದದ್ದೂ ಅದೇ.

ಮೊದಲು ಅಳತೆಯ ತಕರಾರು ಮುಗಿಸಿಬಿಡೋಣ. ತಮ್ಮ ಸೇವೆಯನ್ನು ದಿನವೂ 3 ಕೋಟಿ ಜನ ಬಳಸುತ್ತಾರೆಂದು ಗ್ರಾಮರ್ಲಿ 2021ರಲ್ಲಿ ಹೇಳಿಕೊಂಡಿತು. ಆ ವರ್ಷ ಹೂಡಿಕೆದಾರರು ಕಂಪನಿಗೆ ಕಟ್ಟಿದ ಬೆಲೆ 1,300 ಕೋಟಿ ಡಾಲರ್. ಆರ್ಕೈವ್‌ನಲ್ಲಿರುವ ಕೃತಿಗಳ ಸಂಖ್ಯೆ 2019ರಲ್ಲಿ 50 ಲಕ್ಷ ಮುಟ್ಟಿತು, 2022ರಲ್ಲಿ ಒಂದು ಕೋಟಿ ದಾಟಿತು. ಅದನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ. ವರ್ಷದ ಖರ್ಚು ಡಾಲರಿನ ಲೆಕ್ಕದಲ್ಲಿ ಲಕ್ಷಗಳಲ್ಲೇ ಮುಗಿಯುತ್ತದೆ, ಅದೂ ಓದುಗರು ಕೊಟ್ಟ ದೇಣಿಗೆಯಿಂದ. ಜಾಲತಾಣಕ್ಕೆ ಎಷ್ಟು ಸಲ ಭೇಟಿ ಕೊಟ್ಟರು ಎಂಬ ಸಾಮಾನ್ಯ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಗ್ರಾಮರ್ಲಿ ಬಳಸುವವರು ಅದರ ತಾಣಕ್ಕೆ ಹೋಗಬೇಕಾಗಿಯೇ ಇಲ್ಲ. ಬ್ರೌಸರಿನೊಳಗೆ, ಇಮೇಲಿನ ಪೆಟ್ಟಿಗೆಯೊಳಗೆ ಅದು ಸದ್ದಿಲ್ಲದೆ ಕೂತಿರುತ್ತದೆ. ಕಥೆ ಓದುವವರಾದರೋ ತಾಣಕ್ಕೆ ಹೋಗಿ, ಕಾದಂಬರಿಯಷ್ಟೇ ಉದ್ದದ ಕಥೆಯನ್ನು ತೆರೆದು ಗಂಟೆಗಟ್ಟಲೆ ಅಲ್ಲೇ ಇರುತ್ತಾರೆ. ತಲೆ ಎಣಿಸುವವರ ಕಣ್ಣಿಗೆ ಗ್ರಾಮರ್ಲಿ ದೊಡ್ಡದು. ಒಬ್ಬೊಬ್ಬರು ಕಳೆಯುವ ಹೊತ್ತನ್ನು ಎಣಿಸುವವರಿಗೆ ಕಥೆಗಳ ತಾಣ ದೊಡ್ಡದು. ಇನ್ನು ಹಣ ಎಣಿಸುವವರಿಗೆ ಹೋಲಿಕೆಯೇ ಇಲ್ಲ.

ಈ ಎರಡು ಜನಪ್ರಿಯತೆಗಳು ಬೇರೆ ಬೇರೆ ಜಾತಿಯವು. ವಾಕ್ಯ ತಿದ್ದುವ ಯಂತ್ರದ ಕಥೆ 1970ರ ದಶಕದ ಕೊನೆಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಹೋಗುತ್ತದೆ. ಅಲ್ಲಿ ಲೊರಿಂಡಾ ಚೆರಿ ಮತ್ತು ಜೊತೆಗಾರರು ತಾಂತ್ರಿಕ ದಸ್ತಾವೇಜು ಬರೆಯುವವರಿಗಾಗಿ, ವಾಕ್ಯ ಎಷ್ಟು ಉದ್ದವಾಯಿತು, ಎಲ್ಲಿ ಸವಕಲು ಮಾತು ಬಂತು ಎಂದು ತೋರಿಸುವ ಪ್ರೋಗ್ರಾಮುಗಳನ್ನು ಬರೆದರು. 1995ರಲ್ಲಿ ಮೈಕ್ರೋಸಾಫ್ಟ್ ವರ್ಡ್ ತಪ್ಪು ಪದದ ಕೆಳಗೆ ಕೆಂಪು ಡೊಂಕುಗೆರೆ ಎಳೆಯಲು ಶುರುಮಾಡಿತು. ಬರೆಯುತ್ತಿರುವಾಗಲೇ ಮೇಷ್ಟರು ಬೆನ್ನ ಹಿಂದೆ ಬಂದು ನಿಂತದ್ದು ಆಗ. ಗ್ರಾಮರ್ಲಿ ಕಟ್ಟಿದವರು ಅದಕ್ಕೂ ಮುಂಚೆ ಮಾಡಿದ್ದು ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶವನ್ನು. ಪರೀಕ್ಷೆ, ಕಚೇರಿ, ಕೆಲಸದ ಅರ್ಜಿ, ಮೇಲಧಿಕಾರಿಗೆ ಬರೆಯುವ ಪತ್ರ ಇವೇ ಈ ಸಾಧನಗಳ ತವರು. ಭಾನುವಾರ ಮಧ್ಯಾಹ್ನ ಖುಷಿಗೆಂದು ಇವನ್ನು ಯಾರೂ ತೆರೆಯುವುದಿಲ್ಲ. ಯೂಟ್ಯೂಬ್ ನೋಡುವ ಯಾರಿಗೂ ಗ್ರಾಮರ್ಲಿಯ ಜಾಹೀರಾತು ಹೊಸದಲ್ಲ. ಅಷ್ಟು ಖರ್ಚು ಮಾಡಿ ನೆನಪಿಸುತ್ತಿರಬೇಕು. ಹೆಲ್ಮೆಟ್ ಎಷ್ಟು ಮಾರಾಟವಾಯಿತು ಎಂಬುದರಿಂದ ರಸ್ತೆಯ ಅಪಾಯವನ್ನೂ ಪೊಲೀಸರ ದಂಡವನ್ನೂ ಅಂದಾಜು ಮಾಡಬಹುದೇ ಹೊರತು ಹೆಲ್ಮೆಟ್ ಮೇಲಿನ ಪ್ರೀತಿಯನ್ನಲ್ಲ. 3 ಕೋಟಿ ಎಂಬ ಅಂಕಿ ಹೇಳುವುದೂ ಅಂಥದ್ದನ್ನೇ: ಇಂಗ್ಲಿಷಿನಲ್ಲಿ ತಪ್ಪಿದರೆ ಬೆಲೆ ತೆರಬೇಕಾದವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು.

ಫ್ಯಾನ್‌ಫಿಕ್ಷನ್ ಬೆಳೆದದ್ದು ಇದಕ್ಕೆ ತೀರ ಉಲ್ಟಾ ದಾರಿಯಲ್ಲಿ. 1967ರಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಕೈಖರ್ಚಿನ ಪತ್ರಿಕೆ ತಂದರು. 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಬಂತು. 2007ರಲ್ಲಿ ಫ್ಯಾನ್‌ಲಿಬ್ ಎಂಬ ಕಂಪನಿ ಈ ಬರಹಗಾರರನ್ನು ಒಂದೆಡೆ ಸೇರಿಸಿ ದುಡ್ಡು ಮಾಡಲು ಹೊರಟಾಗ ಅಭಿಮಾನಿಗಳು ತಿರುಗಿಬಿದ್ದರು. ನಮ್ಮ ಕಥೆಗಳಿರುವ ಸರ್ವರ್ ನಮ್ಮದೇ ಆಗಿರಬೇಕು ಎಂಬ ಹಟ ಹುಟ್ಟಿತು; ಕಾದಂಬರಿಕಾರ್ತಿ ನವೋಮಿ ನೋವಿಕ್ ಸೇರಿದಂತೆ ಹಲವರು ಕೂಡಿ ಸಂಸ್ಥೆ ಕಟ್ಟಿದರು, ಎರಡು ವರ್ಷದಲ್ಲಿ ಆರ್ಕೈವ್ ಬಂತು. ಫ್ಯಾನ್‌ಲಿಬ್ 2008ರಲ್ಲೇ ಮುಚ್ಚಿತ್ತು. 2013ರಲ್ಲಿ ಅಮೆಜಾನ್‌ನಂಥ ಅಮೆಜಾನ್ ‘ಕಿಂಡಲ್ ವರ್ಲ್ಡ್ಸ್’ ಎಂದು ಇದೇ ಪ್ರಯತ್ನ ಮಾಡಿ, 2018ರಲ್ಲಿ ಬಾಗಿಲು ಹಾಕಿತು. ಆರ್ಕೈವ್‌ನಲ್ಲಿ ಇವತ್ತಿಗೂ ಒಂದು ಜಾಹೀರಾತಿಲ್ಲ. ಕಥೆಗಳಿಗೆ ಬರಹಗಾರರು ಮನಬಂದಂತೆ ಅಂಟಿಸಿದ ಗುರುತುಪಟ್ಟಿಗಳನ್ನು ಹೊಂದಿಸಿ, ಬೇಕಾದ ಕಥೆ ಬೇಕಾದವರಿಗೆ ಸಿಗುವಂತೆ ಮಾಡುವ ಕೆಲಸವನ್ನು ಸ್ವಯಂಸೇವಕರೇ ಮಾಡುತ್ತಾರೆ. ಗ್ರಂಥಾಲಯ ವಿಜ್ಞಾನದವರೂ ಇದನ್ನು ಬೆರಗಿನಿಂದ ನೋಡಿದ್ದಾರೆ. 2019ರಲ್ಲಿ ವೈಜ್ಞಾನಿಕ ಕಾದಂಬರಿ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಇಡೀ ತಾಣಕ್ಕೇ ಬಂತು. ಹಾಗಂತ ಇದರಿಂದ ಯಾರೂ ದುಡ್ಡು ಕಂಡಿಲ್ಲವೆಂದಲ್ಲ. ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಮೊದಲು ಹುಟ್ಟಿದ್ದು ‘ಟ್ವೈಲೈಟ್’ ಅಭಿಮಾನಿಯ ಕಥೆಯಾಗಿ. ಆದರೆ ಅಲ್ಲಿ ಬರೆಯುವ ಲಕ್ಷಾಂತರ ಮಂದಿಗೆ ಒಂದು ಪೈಸೆಯೂ ಬರುವುದಿಲ್ಲ, ಬರಬೇಕೆಂಬ ನಿರೀಕ್ಷೆಯೂ ಇಲ್ಲ. ಅವರಿಗೆ ಸಿಗುವುದು ಓದುಗ. ಅದೂ ಪಾತ್ರಗಳ ಪರಿಚಯ ಮೊದಲೇ ಇರುವ, ಮುಂದಿನ ಕಂತಿಗೆ ಕಾಯುವ ಓದುಗ.

ಈ ತಾಣದಲ್ಲಿ ಕಥೆಗಳ ಮೇಲೆ ಪದೇ ಪದೇ ಕಾಣುವ ಒಂದು ಟಿಪ್ಪಣಿ ನನ್ನ ವಾದದ ತಿರುಳು. ‘ಇಂಗ್ಲಿಷ್ ನನ್ನ ಮೊದಲ ಭಾಷೆಯಲ್ಲ’ ಎಂಬುದು ಆ ಟಿಪ್ಪಣಿ. ಅಷ್ಟು ಹೇಳಿ ಬ್ರೆಜಿಲ್‌ನವರು, ಫಿಲಿಪ್ಪೀನ್ಸ್‌ನವರು, ನಮ್ಮ ದೇಶದವರು ಸಾವಿರಾರು ಪದಗಳ ಕಥೆಯನ್ನು ಜಗತ್ತಿನೆದುರು ಇಡುತ್ತಾರೆ. ಕಚೇರಿಯಲ್ಲಿ ನಾಲ್ಕು ಸಾಲಿನ ಇಮೇಲಿಗೆ ನಾಲ್ಕು ಸಲ ಗ್ರಾಮರ್ಲಿ ಹಚ್ಚಿ ನೋಡುವ ವ್ಯಕ್ತಿಯೇ ರಾತ್ರಿ ಇಲ್ಲಿ ಬಂದು ನಲವತ್ತು ಪುಟ ಬರೆಯಬಲ್ಲ. ವ್ಯತ್ಯಾಸವಿರುವುದು ಆತನ ಇಂಗ್ಲಿಷಿನಲ್ಲಲ್ಲ, ಎದುರಿಗಿರುವ ಓದುಗರಲ್ಲಿ. ತಿದ್ದುವ ಕೆಲಸ ಇಲ್ಲಿ ಇಲ್ಲವೆಂದು ಯಾರೂ ತಿಳಿಯಬಾರದು. ಈ ವಲಯದಲ್ಲಿ ‘ಬೀಟಾ’ ಎಂದು ಕರೆಸಿಕೊಳ್ಳುವವರಿದ್ದಾರೆ: ಪ್ರಕಟಣೆಗೆ ಮುಂಚೆ ಕರಡು ಓದಿ, ಕಾಲರೂಪ ಎಲ್ಲಿ ತಪ್ಪಿತು, ಈ ಪಾತ್ರ ಹೀಗೆ ಮಾತಾಡುತ್ತದೆಯೇ, ಈ ಅಧ್ಯಾಯ ಯಾಕೆ ಎಳೆದಾಡುತ್ತಿದೆ ಎಂದು ಪುಕ್ಕಟೆಯಾಗಿ ಹೇಳುವ ಗೆಳೆಯರು. ಬೀಟಾ ಸಿಗದವರು ಅದನ್ನೂ ತಮಾಷೆ ಮಾಡಿಕೊಳ್ಳುತ್ತಾರೆ. ಬೀಟಾ ಇಲ್ಲದೆಯೇ ವೀರರಂತೆ ಸಾಯುತ್ತೇವೆ ಎಂಬರ್ಥದ ಹಣೆಪಟ್ಟಿ ಅಲ್ಲಿ ಬಹಳ ಹಳೆಯ ನಗೆಮಾತು. ಅಂದರೆ ವ್ಯಾಕರಣ ಪರೀಕ್ಷೆ ಈ ಲೋಕದಲ್ಲಿ ಮೊದಲಿನಿಂದ ಇತ್ತು. ಆದರೆ ಅದು ಬರೆದವರ ಕೋರಿಕೆಯ ಮೇಲೆ ಬರುತ್ತಿತ್ತು, ಕಥೆಯಲ್ಲಿ ಆಸಕ್ತಿಯಿದ್ದವರಿಂದ ಬರುತ್ತಿತ್ತು, ಬರೆದು ಮುಗಿಸಿದ ಮೇಲೆ ಬರುತ್ತಿತ್ತು.

ಇದು ಬರೀ ಭಾವುಕ ಮಾತಲ್ಲ. ಅಮೆರಿಕದ ವಿದ್ವಾಂಸೆ ರೆಬೆಕಾ ಬ್ಲ್ಯಾಕ್ ಹದಿಹರೆಯದವರ ಫ್ಯಾನ್‌ಫಿಕ್ಷನ್ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 2008ರಲ್ಲಿ ಪುಸ್ತಕ ತಂದರು. ಚೀನಾದಿಂದ ವಲಸೆ ಹೋಗಿ ಇಂಗ್ಲಿಷನ್ನು ಆಮೇಲೆ ಕಲಿತ ಒಬ್ಬ ಹುಡುಗಿ, ಜಪಾನಿ ಕಾರ್ಟೂನಿನ ಪಾತ್ರಗಳ ಬಗ್ಗೆ ಬರೆಯುತ್ತ, ಓದುಗರ ಉತ್ತೇಜನ ಮತ್ತು ತಿದ್ದುಪಡಿಗಳಿಂದ ಹೇಗೆ ಬೆಳೆದಳು ಎಂಬುದನ್ನು ಅವರು ಹೆಜ್ಜೆ ಹೆಜ್ಜೆಯಾಗಿ ದಾಖಲಿಸಿದ್ದಾರೆ. ಸಿಸಿಲಿಯಾ ಅರಗೊನ್ ಮತ್ತು ಕೇಟಿ ಡೇವಿಸ್ ಅವರ ಅಧ್ಯಯನ ಇನ್ನೂ ದೊಡ್ಡ ಪ್ರಮಾಣದ್ದು. 2019ರಲ್ಲಿ ಪುಸ್ತಕವಾಗಿ ಬಂದ ಅದರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್‌ನ ಕೋಟ್ಯಂತರ ಓದುಗ ಪ್ರತಿಕ್ರಿಯೆಗಳ ವಿಶ್ಲೇಷಣೆಯಿದೆ. ಹೆಚ್ಚು ಪ್ರತಿಕ್ರಿಯೆ ಪಡೆದ ಬರಹಗಾರರ ಪದವೈವಿಧ್ಯ ಹೆಚ್ಚುತ್ತ ಹೋಗುತ್ತದೆ ಎಂಬುದು ಅವರು ಕಂಡದ್ದು. ಯಾವುದೋ ಒಬ್ಬ ಗುರು ಕೂತು ಪಾಠ ಹೇಳಿದ್ದಲ್ಲ. ಚೂರು ಚೂರಾದ ನೂರು ಪ್ರತಿಕ್ರಿಯೆಗಳು ಸೇರಿ ಒಬ್ಬ ಗುರುವಿನ ಕೆಲಸ ಮಾಡಿವೆ. ಇದಕ್ಕೆ ಕಾರಣ ಪ್ರತಿಕ್ರಿಯೆಯೇ, ಅಥವಾ ಮೊದಲೇ ಬೆಳೆಯುವ ಗುಣವಿದ್ದವರಿಗೆ ಹೆಚ್ಚು ಪ್ರತಿಕ್ರಿಯೆ ಸಿಕ್ಕಿತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡೂ ಇದ್ದಿರಬಹುದು. ಆದರೆ ಪ್ರತಿಕ್ರಿಯೆಯಿಲ್ಲದಿದ್ದರೆ ಅವರು ಎರಡನೇ ಕಥೆ ಬರೆಯುತ್ತಿದ್ದರೇ ಎಂಬುದನ್ನೂ ಕೇಳಿಕೊಳ್ಳಬೇಕು.

ಅಲ್ಲಿರುವುದರಲ್ಲಿ ಬಹುಪಾಲು ಕಳಪೆ, ಒಂದಷ್ಟು ಅಶ್ಲೀಲ, ಅದನ್ನು ಮಾದರಿ ಎನ್ನುವುದೇ ಎಂದು ಕೇಳುವವರಿದ್ದಾರೆ. ಕಳಪೆ ಎಂಬ ಮಾತನ್ನು ಒಪ್ಪುತ್ತೇನೆ. ಕೋಟಿ ಕಥೆಗಳಲ್ಲಿ ಬಹುಪಾಲು ಚೆನ್ನಾಗಿರುವುದು ಯಾವ ಕಾಲದಲ್ಲೂ ಯಾವ ಭಾಷೆಯಲ್ಲೂ ನಡೆದಿಲ್ಲ. ಅಚ್ಚಾದ ಪುಸ್ತಕಗಳಲ್ಲೂ ನಡೆದಿಲ್ಲ. ವಯಸ್ಕರಿಗೆ ಮಾತ್ರ ಎಂಬ ಗುರುತು ಹಚ್ಚುವ ವ್ಯವಸ್ಥೆ ಅಲ್ಲಿದೆ, ಅದು ಸಾಕೇ ಎಂಬ ಚರ್ಚೆಯೂ ಇದೆ. ನಾನಿಲ್ಲಿ ಮಾತಾಡುತ್ತಿರುವುದು ಸಾಹಿತ್ಯದ ಗುಣಮಟ್ಟದ ಬಗ್ಗೆಯಲ್ಲ, ಬರೆಯುವ ರೂಢಿಯ ಬಗ್ಗೆ. ಆ ರೂಢಿ ತಪ್ಪಿದರೆ ಗುಣಮಟ್ಟದ ಪ್ರಶ್ನೆ ಏಳುವುದೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಸನದಿಂದಲೋ ರಾಯಚೂರಿನಿಂದಲೋ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ ಬಂದು ಬೆಂಗಳೂರಿನ ಕಂಪನಿಯಲ್ಲಿ ವಿದೇಶಿ ಗಿರಾಕಿಗೆ ಪತ್ರ ಬರೆಯಬೇಕಾದ ಎಂಜಿನಿಯರಿಗೆ ಈ ತಂತ್ರಾಂಶ ದೇವರಿದ್ದ ಹಾಗೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಮನೆಯಿಂದಲೇ ಬಂದ ಸವಲತ್ತನ್ನು ಅದು ತಿಂಗಳಿಗಿಷ್ಟು ಎಂಬ ದರದಲ್ಲಿ, ಕೆಲಮಟ್ಟಿಗೆ ಪುಕ್ಕಟೆಯಾಗಿ, ಎಲ್ಲರಿಗೂ ಕೊಡುತ್ತದೆ. ಗ್ರಾಮರ್ಲಿ ಕಟ್ಟಿದವರ ಮಾತೃಭಾಷೆಯೂ ಇಂಗ್ಲಿಷಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಹೊರಗಿನವರ ಕಷ್ಟ ಅವರಿಗೆ ಗೊತ್ತಿತ್ತು. ಇದನ್ನೆಲ್ಲ ಪೂರ್ತಿ ಒಪ್ಪಿಯೇ ಹೇಳಬೇಕಾದದ್ದೇನೆಂದರೆ, ಇಂಥ ಸಾಧನ ಅವಮಾನದಿಂದ ಪಾರು ಮಾಡುತ್ತದೆಯೇ ಹೊರತು ಬರೆಯುವ ಆಸೆ ಹುಟ್ಟಿಸುವುದಿಲ್ಲ. ಆ ಎಂಜಿನಿಯರು ಹತ್ತು ವರ್ಷ ತಪ್ಪಿಲ್ಲದ ಇಮೇಲ್ ಬರೆದ ಮೇಲೂ ಇಂಗ್ಲಿಷಿನಲ್ಲಿ ತನ್ನದೆಂಬ ಒಂದು ವಾಕ್ಯ ಕಟ್ಟಿರಲಿಕ್ಕಿಲ್ಲ. ಅದು ಆತನ ತಪ್ಪಲ್ಲ, ಯಂತ್ರದ್ದೂ ಅಲ್ಲ. ಅದು ಮಾಡುವ ಕೆಲಸವೇ ಬೇರೆ. ಇಂಗ್ಲಿಷಿಗೆ ಆ ಕೆಲಸವಷ್ಟೇ ಸಾಕು, ಏಕೆಂದರೆ ಬರೆಯುವವರ ಕೊರತೆ ಅದಕ್ಕಿಲ್ಲ. ನಮಗಿರುವ ಕೊರತೆ ಅದೇ.

ಸರಿ, ಆದರೆ ತಿದ್ದುವ ಯಂತ್ರ ಬರವಣಿಗೆಯ ರಾಶಿಯಿಂದಲೇ ಹುಟ್ಟುತ್ತದೆ ಎನ್ನುವುದಕ್ಕೆ ಸಾಕ್ಷಿ ಏನು? 2020ರಲ್ಲಿ ಗ್ರಾಮರ್ಲಿಯ ಸಂಶೋಧಕರು ‘ಗೆಕ್ಟರ್’ ಎಂಬ ವ್ಯಾಕರಣ ತಿದ್ದುವ ವಿಧಾನವನ್ನು ಪ್ರಕಟಿಸಿದರು. ಅದು ಬರ್ಟ್‌ನಂಥ, ಮೊದಲೇ ಭಾಷೆ ಕಲಿತಿದ್ದ ಮಾದರಿಗಳ ಮೇಲೆ ನಿಂತಿತ್ತು. ಗೂಗಲ್‌ನ ಬರ್ಟ್ ಇಂಗ್ಲಿಷ್ ಕಲಿತದ್ದು ಎಲ್ಲಿಂದ? ವಿಕಿಪೀಡಿಯದಿಂದ ಮತ್ತು ಬುಕ್‌ಕಾರ್ಪಸ್ ಎಂಬ ಸಂಗ್ರಹದಿಂದ. ಬುಕ್‌ಕಾರ್ಪಸ್ ಅಂದರೆ ಸ್ಮ್ಯಾಶ್‌ವರ್ಡ್ಸ್ ತಾಣದಲ್ಲಿ ಜನ ತಾವೇ ಬರೆದು ತಾವೇ ಪ್ರಕಟಿಸಿದ ಸುಮಾರು 11 ಸಾವಿರ ಪುಸ್ತಕಗಳು. ಪ್ರೇಮಕಥೆ, ಮಾಯಾಲೋಕದ ಕಥೆ ಅದರಲ್ಲಿ ಧಾರಾಳ. ವಿಮರ್ಶಕರು ಮೂಸಿಯೂ ನೋಡದ ಹವ್ಯಾಸಿ ಪ್ರೇಮಕಥೆಗಳಿಂದ ಯಂತ್ರ ಸರಿಯಾದ ಇಂಗ್ಲಿಷ್ ಎಂದರೇನೆಂದು ಕಲಿಯಿತು! ಅಷ್ಟೇ ಅಲ್ಲ. ತಪ್ಪನ್ನು ಗುರುತಿಸಲು ಯಂತ್ರಕ್ಕೆ ತಪ್ಪುಗಳೂ ಬೇಕು. ಅವು ಸಿಕ್ಕಿದ್ದು ಕೇಂಬ್ರಿಜ್ ಪರೀಕ್ಷೆಯ ಉತ್ತರಪತ್ರಿಕೆಗಳಿಂದ, ಮತ್ತು ಲ್ಯಾಂಗ್-8 ಎಂಬ ಜಪಾನಿನ ತಾಣದಿಂದ. ಭಾಷೆ ಕಲಿಯುವವರು ಅಲ್ಲಿ ದಿನಚರಿ ಬರೆಯುತ್ತಿದ್ದರು, ಆ ಭಾಷೆ ಬಲ್ಲವರು ಪುಕ್ಕಟೆಯಾಗಿ ತಿದ್ದುತ್ತಿದ್ದರು. ತಪ್ಪುತಪ್ಪಾಗಿ ಬರೆಯುವ ಧೈರ್ಯ ಮಾಡಿದ ಸಾವಿರಾರು ಮಂದಿ ಇಲ್ಲದಿದ್ದರೆ ತಿದ್ದುವ ಯಂತ್ರ ಇರುತ್ತಿರಲಿಲ್ಲ. ಇದಕ್ಕೊಂದು ಕಹಿಯ ಮಗ್ಗುಲೂ ಇದೆ. ತಮ್ಮ ಕಥೆಗಳು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಕೆಯಾಗುವ ಕಾಮನ್ ಕ್ರಾಲ್ ಸಂಗ್ರಹ ಸೇರುತ್ತಿವೆ ಎಂದು ತಿಳಿದು ಆರ್ಕೈವ್ 2022ರ ಡಿಸೆಂಬರಿನಲ್ಲಿ ಅದನ್ನು ತಡೆಯುವ ಏರ್ಪಾಡು ಮಾಡಿತು. 2025ರಲ್ಲಿ ಯಾರೋ ಸುಮಾರು 1.26 ಕೋಟಿ ಕೃತಿಗಳನ್ನು ಎತ್ತಿ ದತ್ತಾಂಶವೆಂದು ಹಗ್ಗಿಂಗ್ ಫೇಸ್ ತಾಣದಲ್ಲಿ ಹಾಕಿದಾಗ, ತೆಗೆಸಲು ಕಾನೂನಿನ ಮೊರೆ ಹೋಗಬೇಕಾಯಿತು. ದುಡ್ಡಿಗಲ್ಲದೆ ಬರೆದದ್ದನ್ನು ದುಡ್ಡಿನವರು ಕೇಳದೆ ಒಯ್ದರು.

ಕನ್ನಡದ ಚರಿತ್ರೆಯಲ್ಲೂ ಕ್ರಮ ಇದೇ. ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರ ಹೊತ್ತಿಗೆ. ಹಳಗನ್ನಡ ವ್ಯಾಕರಣಕ್ಕೆ ಕೊನೆಯ ಮಾತು ಎನ್ನಿಸಿಕೊಂಡ ಕೇಶಿರಾಜನ ‘ಶಬ್ದಮಣಿದರ್ಪಣ’ ಬಂದದ್ದು ಸುಮಾರು 1260ರಲ್ಲಿ, ಮೂರು ಶತಮಾನ ಕಳೆದ ಮೇಲೆ. ಕೇಶಿರಾಜನ ತಂದೆ ಮಲ್ಲಿಕಾರ್ಜುನ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವೆಂಬ ಸಂಕಲನ ಮಾಡಿದ್ದ. ಅಪ್ಪ ಸಂಗ್ರಹ ಮಾಡಿದ, ಮಗ ಸೂತ್ರ ಬರೆದ. ಇಂದಿನ ಕಂಪ್ಯೂಟರ್ ಭಾಷಾತಜ್ಞರು ಮಾಡುವುದೂ ಇದೇ ಅನುಕ್ರಮದಲ್ಲಿ. ಹಾಗಾದರೆ ಸುಮಾರು 850ರ ‘ಕವಿರಾಜಮಾರ್ಗ’ ಪಂಪನಿಗಿಂತ ಮುಂಚೆಯೇ ಯಾವುದು ದೋಷ, ಯಾವುದು ಗುಣ ಎಂದು ಹೇಳಿಲ್ಲವೇ ಎಂದು ಬಲ್ಲವರು ಕೇಳಿಯೇ ಕೇಳುತ್ತಾರೆ. ಹೇಳಿದೆ. ಆದರೆ ಆ ಗ್ರಂಥವೇ ತನಗಿಂತ ಹಿಂದಿನ ಗದ್ಯಕಾರರನ್ನೂ ಕವಿಗಳನ್ನೂ ಹೆಸರಿಸುತ್ತದೆ. ಓದು ಕಲಿಯದ ಜನರ ಕಾವ್ಯಶಕ್ತಿಯನ್ನೂ ಕೊಂಡಾಡುತ್ತದೆ. ತಿದ್ದಲು ಹೊರಟವನ ಎದುರಿಗೆ ಆಗಲೇ ಬರೆದವರಿದ್ದರು. ಪಂಪ, ಕುಮಾರವ್ಯಾಸರು ಬರೆದದ್ದೂ ಒಂದು ಬಗೆಯ ಫ್ಯಾನ್‌ಫಿಕ್ಷನ್ನೇ ಎಂದು ಹೇಳುವ ಚಪಲ ಇಲ್ಲಿ ಬರುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮಹಾಭಾರತಕ್ಕೆ ಯಾರೂ ಕಾಪಿರೈಟ್ ಹಾಕಿರಲಿಲ್ಲ, ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು. ಇದಕ್ಕಿಂತ ಹತ್ತಿರದ ನಿದರ್ಶನ ಬಿ. ವೆಂಕಟಾಚಾರ್ಯರು ಮತ್ತು ಗಳಗನಾಥರದ್ದು. ಒಬ್ಬರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದರು, ಇನ್ನೊಬ್ಬರು ಹರಿ ನಾರಾಯಣ ಆಪಟೆಯವರನ್ನು ಮರಾಠಿಯಿಂದ. ಎರವಲು ಪಾತ್ರ, ಎರವಲು ಕಥೆ. ಶುದ್ಧ ಸಾಹಿತ್ಯದ ಲೆಕ್ಕದಲ್ಲಿ ಅವರಿಗೆ ದೊಡ್ಡ ಜಾಗ ಸಿಗಲಿಲ್ಲ. ಆದರೆ ಕನ್ನಡದಲ್ಲಿ ಕಾದಂಬರಿ ಓದುವವರು ಹುಟ್ಟಿಕೊಂಡದ್ದು ಅವರಿಂದ. ಗಳಗನಾಥರಂತೂ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ಮುಂದಿನವರ ಕಾದಂಬರಿಗಳಿಗೆ ಓದುಗರು ಸಿದ್ಧರಾಗಿದ್ದರಲ್ಲ, ಆ ಸಿದ್ಧತೆ ನಡೆದದ್ದು ಇಲ್ಲಿ.

ಈಗಿನ ಸ್ಥಿತಿ ನೋಡಿ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಇವರಲ್ಲಿ ಎಷ್ಟೋ ಯುವಕರು ಮೊಬೈಲಿನಲ್ಲಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಕೀಲಿಮಣೆ ಸಿಗುವುದಿಲ್ಲವೆಂದಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಾಗುಣಿತ ಯಾರೂ ನೋಡುವುದಿಲ್ಲ ಎಂಬ ನೆಮ್ಮದಿಯೂ ಅದರಲ್ಲಿದೆ. ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಹಾಕಿದರೆ ಮೊದಲು ಬರುವ ಪ್ರತಿಕ್ರಿಯೆ ಸಾಮಾನ್ಯವಾಗಿ ವಿಷಯದ ಬಗ್ಗೆಯಲ್ಲ. ಮಹಾಪ್ರಾಣ ಬಿಟ್ಟಿರಿ, ಹಕಾರದ ಜಾಗದಲ್ಲಿ ಅಕಾರ ಹಾಕಿದಿರಿ ಎಂಬುದರ ಬಗ್ಗೆ. ‘ಆರ್ದಿಕ ಶುಭಾಶಯ’ ಎಂಬ ಫ್ಲೆಕ್ಸಿನ ಫೋಟೊ ತೆಗೆದು ನಕ್ಕಾಗ ನಾವು ನಗುತ್ತಿರುವುದು ಹೆಚ್ಚಾಗಿ ಒಂದು ವರ್ಗದ, ಒಂದು ಸೀಮೆಯ ಉಚ್ಚಾರಣೆಯನ್ನು ನೋಡಿ. ಹಾಗೆ ನಗುವವರೇ ಕನ್ನಡದಲ್ಲಿ ಬರೆಯುವವರಿಲ್ಲ ಎಂದು ಕೊರಗುತ್ತಾರೆ. ಇನ್ನೊಂದು ಕಡೆ, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಧಾರಾವಾಹಿಗಳು ಕಂತು ಕಂತಾಗಿ ಬರುತ್ತಿವೆ. ಬರೆಯುವವರಲ್ಲಿ ಗೃಹಿಣಿಯರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ‘ಮುಂದಿನ ಭಾಗ ಯಾವಾಗ’ ಎಂದು ಕೇಳುವ ಓದುಗರಿದ್ದಾರೆ. ಕಾಗುಣಿತ ಅಲ್ಲಲ್ಲಿ ಎಡವುತ್ತದೆ. ಶ್ರೀಮಂತ ನಾಯಕ, ಬಲವಂತದ ಮದುವೆ ಮತ್ತೆ ಮತ್ತೆ ಬರುತ್ತವೆ. ನಮ್ಮ ಪತ್ರಿಕೆಗಳ ಪುಸ್ತಕ ಪುಟಗಳು, ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಇದನ್ನು ಬಹುಪಾಲು ಕಂಡೂ ಕಾಣದಂತಿವೆ. ಇಂಗ್ಲಿಷಿನಲ್ಲಿ ಫ್ಯಾನ್‌ಫಿಕ್ಷನ್ ಬಗ್ಗೆ ಪಿಎಚ್‌ಡಿ ಆಗುತ್ತಿರುವಾಗ, ಇಲ್ಲಿ ಕನ್ನಡ ಗದ್ಯ ಪ್ರತಿದಿನ ತಯಾರಾಗುತ್ತಿರುವ ಜಾಗಕ್ಕೆ ವಿಮರ್ಶಕರು ಹೆಚ್ಚಾಗಿ ಕಾಲಿಡದಿರುವುದು ಬೇಸರದ ಸಂಗತಿ.

ಕನ್ನಡದ ತಿದ್ದುಯಂತ್ರ ಯಾಕೆ ಕಷ್ಟ ಎಂಬುದನ್ನು ನೋಡಿದರೆ ಈ ಉಪೇಕ್ಷೆಯ ಬೆಲೆ ತಿಳಿಯುತ್ತದೆ. ಪದಪಟ್ಟಿ ಇಟ್ಟುಕೊಂಡು ಕಾಗುಣಿತ ನೋಡುವ ತಂತ್ರಾಂಶಗಳು ನಮ್ಮಲ್ಲೂ ಇವೆ. ಆದರೆ ಕನ್ನಡದ ಪದ ಪಟ್ಟಿಯಲ್ಲಿ ಸುಮ್ಮನೆ ಕೂರುವಂಥದ್ದಲ್ಲ. ‘ಹೋಗು’ ಎಂಬ ಒಂದು ಧಾತು ‘ಹೋಗಬೇಕಾಗಿತ್ತಲ್ಲವೇ’, ‘ಹೋಗದಿದ್ದರೂ’, ‘ಹೋಗಿಬಂದವರಿಗೆಲ್ಲ’ ಎಂದು ಬೆಳೆಯುತ್ತ ಹೋಗುತ್ತದೆ. ಸಂಧಿಯಾದರೆ ಪಕ್ಕದ ಪದವನ್ನೂ ನುಂಗುತ್ತದೆ. ಎಲ್ಲ ರೂಪಗಳನ್ನೂ ಪಟ್ಟಿ ಮಾಡಿ ಮುಗಿಸಲಾಗದು. ಹೀಗಾಗಿ ಸರಿಯಾದ ಪದಗಳ ಕೆಳಗೇ ಕೆಂಪು ಗೆರೆ ಬಂದು, ಬಳಸುವವರು ತಂತ್ರಾಂಶವನ್ನೇ ಆಫ್ ಮಾಡಿಬಿಡುತ್ತಾರೆ. ಇದಕ್ಕೆ ಮದ್ದು, ಯಂತ್ರಕ್ಕೆ ಅಪಾರ ಕನ್ನಡ ಓದಿಸುವುದು. ಸದ್ಯ ಕಂಪ್ಯೂಟರಿಗೆ ಸಿಗುವ ಕನ್ನಡದ ದೊಡ್ಡ ಪಾಲು ಸುದ್ದಿತಾಣಗಳದ್ದು. ಬರೀ ಸುದ್ದಿ ಓದಿ ಬೆಳೆದ ಯಂತ್ರಕ್ಕೆ ಸಚಿವರು ‘ತಿಳಿಸಿದರು’ ಎಂಬುದು ಗೊತ್ತಿರುತ್ತದೆ; ಅತ್ತೆ ಸೊಸೆಗೆ ಏನಂದಳು, ಧಾರವಾಡದವರು ‘ಬರ್ತೀನ್ರಿ’ ಎಂದರೆ ಅದು ತಪ್ಪೋ ಸರಿಯೋ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಅದು ಗೆರೆ ಎಳೆಯುತ್ತದೆ. ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಮಾತು ಯಂತ್ರದ ಕಣ್ಣಿಗೆ ದೋಷವಾಗುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣ ಬರೆದದ್ದು ಸರಿಯಲ್ಲವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಎತ್ತಿದ ತಕರಾರನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಯಂತ್ರ ಮಾಡುವವರು ಇಬ್ಬರಲ್ಲಿ ಒಬ್ಬರ ಪಕ್ಷ ಹಿಡಿಯಲೇಬೇಕು, ಅದೂ ಚರ್ಚೆಯಿಲ್ಲದೆ, ಒಳಗಿನ ಕೋಡಿನಲ್ಲಿ. ಸಂಭಾಷಣೆ ತುಂಬಿದ, ಬೇರೆ ಬೇರೆ ಸೀಮೆಯ ಕನ್ನಡ ರಾಶಿಯಾಗಿ ಸಿಕ್ಕರೆ ಮಾತ್ರ ಈ ಅನ್ಯಾಯ ಕಡಿಮೆಯಾದೀತು. ಅಂಥ ಕನ್ನಡವಿರುವುದು ನಾವು ಮೂಗು ಮುರಿಯುವ ಧಾರಾವಾಹಿಗಳಲ್ಲಿ.

ಯಂತ್ರವೇ ಬರದೆ ಕನ್ನಡ ಪರದೆಯಿಂದ ಮಾಯವಾದರೆ ಆಮೇಲೆ ಯಾರು ಬರೆಯುತ್ತಾರೆ, ಆದ್ದರಿಂದ ಸಾಧನವೇ ಮೊದಲಾಗಲಿ ಎಂಬ ಆತುರ ಅರ್ಥವಾಗುವಂಥದ್ದು. ಯೂನಿಕೋಡ್, ಅಕ್ಷರವಿನ್ಯಾಸ, ಕೀಲಿಮಣೆಗಳ ಮಟ್ಟಿಗೆ ಆ ವಾದ ಸರಿ. ಅವಿಲ್ಲದೆ ಬರೆಯಲಿಕ್ಕೇ ಆಗುತ್ತಿರಲಿಲ್ಲ. ಆದರೆ ತಿದ್ದುವ ಯಂತ್ರ ಬರೆಯಲು ಬೇಕಾದ ಸಾಧನವಲ್ಲ, ಬರೆದದ್ದನ್ನು ಅಳೆಯುವ ಸಾಧನ. ಅದಕ್ಕೆ ಸಾರ್ವಜನಿಕ ಹಣ ಹೋಗುವುದಾದರೆ ಕೆಲವು ಷರತ್ತುಗಳು ಟೆಂಡರಿನಲ್ಲೇ ಇರಬೇಕು. ಕಥೆಗಳನ್ನು ಯಂತ್ರಕ್ಕೆ ಓದಿಸುವ ಮುನ್ನ ಬರೆದವರ ಒಪ್ಪಿಗೆ ಪಡೆಯಬೇಕು, ಹಣವನ್ನೂ ಕೊಡಬೇಕು; ಆರ್ಕೈವ್‌ನವರಿಗೆ ಆದದ್ದು ಇಲ್ಲಿನ ಗೃಹಿಣಿಗೆ ಆಗಬಾರದು. ಆ ಹಣದ ಒಂದು ಪಾಲು, ಓದುಗರೂ ಬರಹಗಾರರೂ ಸೇರಿ ನಡೆಸುವ, ಜಾಹೀರಾತಿಲ್ಲದ, ಮಾರಾಟಕ್ಕಿಲ್ಲದ ಒಂದು ಕನ್ನಡ ಕಥಾಭಂಡಾರಕ್ಕೆ ಹೋಗಬೇಕು. ಈಗಿರುವ ಆ್ಯಪ್‌ಗಳು ಎಷ್ಟೇ ಒಳ್ಳೆಯವಾದರೂ ಕಂಪನಿಗಳು. ಕೈ ಬದಲಾದ ದಿನ, ಬಾಗಿಲು ಹಾಕಿದ ದಿನ ಅಲ್ಲಿನ ಬರವಣಿಗೆಯ ಗತಿ ಏನೆಂದು ಕೇಳುವ ಹಕ್ಕು ಬರೆದವರಿಗೂ ಇರುವುದಿಲ್ಲ. ಕರಡು ತಿದ್ದಿಕೊಡುವ ಬೀಟಾಗಳ ಪದ್ಧತಿಯನ್ನು ಆ ಭಂಡಾರದಲ್ಲಿ ಮೊದಲ ದಿನದಿಂದ ಇಡಬಹುದು. ನಿವೃತ್ತ ಕನ್ನಡ ಮೇಷ್ಟರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಫೇಸ್‌ಬುಕ್ಕಿನಲ್ಲಿ ಕಾಗುಣಿತ ಹಿಡಿದು ಜಗಳವಾಡುವವರಲ್ಲಿ ಅರ್ಧದಷ್ಟು ಜನರನ್ನಾದರೂ ಈ ಕೆಲಸಕ್ಕೆ ಎಳೆಯಬಹುದು. ಅವರು ತಿದ್ದಿದ್ದು, ತಿದ್ದುವ ಮುಂಚೆ ಇದ್ದದ್ದು ಎರಡನ್ನೂ ಒಪ್ಪಿಗೆಯೊಡನೆ ಉಳಿಸಿಟ್ಟರೆ, ಲ್ಯಾಂಗ್-8 ಇಂಗ್ಲಿಷಿಗೆ ಒದಗಿಸಿದಂಥ ಸಾಮಗ್ರಿ ಕೆಲವೇ ವರ್ಷಗಳಲ್ಲಿ ಕನ್ನಡದ ಕೈಯಲ್ಲಿರುತ್ತದೆ. ಎಂಜಿನಿಯರುಗಳ ಕೆಲಸ ಶುರುವಾಗುವುದು ಅಲ್ಲಿಂದ.